ಬೇರೆ ದೇಶದ ಅಂತರ್ಯುದ್ಧದಲ್ಲಿ ನಮ್ಮ ಪರಮವೀರ

ಪರಮವೀರ ಚಕ್ರ ಅಂದ ಕೂಡಲೇ ನಮಗೆ ನೆನಪಾಗೋದು ಕಾರ್ಗಿಲ್. ಆದರೆ ನಾನು ಇವತ್ತು ಹೇಳ್ತಿರೋ ಯೋಧ ಪ್ರಾಣ ಕೊಟ್ಟಿದ್ದು ಆಫ್ರಿಕಾದಲ್ಲಿ, ಕಾಂಗೋ ಅಂತರ್ಯುದ್ಧದಲ್ಲಿ. ಅವರು ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ. ಪಂಜಾಬಿನವರು. 1946ರಲ್ಲಿ ಸೇರಿದ್ದು ಮಾತ್ರ ನಮ್ಮ ಬೆಂಗಳೂರಿನ ಮಿಲಿಟರಿ ಶಾಲೆಗೆ.

ನಮ್ಮವರಿಗೆ ಅಲ್ಲೇನು ಕೆಲಸ? ಸ್ವಲ್ಪ ಹಿನ್ನೆಲೆ ಹೇಳ್ತೀನಿ. 1960ರ ಜೂನ್ 30ರಂದು ಕಾಂಗೋ ಬೆಲ್ಜಿಯಂನಿಂದ ಸ್ವತಂತ್ರವಾಯಿತು. ಎರಡು ವಾರ ತುಂಬೋ ಮೊದಲೇ ಕಟಾಂಗಾ ಪ್ರಾಂತ್ಯ ತಾನೇ ಬೇರೆ ದೇಶ ಅಂತ ಘೋಷಿಸಿಕೊಂಡಿತು. ತಾಮ್ರ, ಕೋಬಾಲ್ಟ್ ಗಣಿಗಳಿದ್ದ ಶ್ರೀಮಂತ ಪ್ರಾಂತ್ಯ ಅದು. ಅದರ ಪರವಾಗಿ ವಿದೇಶಿ ಬಾಡಿಗೆ ಸೈನಿಕರೂ ಇದ್ದರು. ದೇಶ ಒಡೆಯದಂತೆ ನೋಡಿಕೊಳ್ಳಲು ವಿಶ್ವಸಂಸ್ಥೆ ಶಾಂತಿಪಾಲನಾ ಪಡೆ ಕಳಿಸಿತು. ಭಾರತವೂ ಒಂದು ಬ್ರಿಗೇಡ್ ಕೊಟ್ಟಿತು.

ಶಾಂತಿ ಕಾಯೋಕೆ ಹೋದವರು ಗುಂಡು ಹಾರಿಸಬಹುದಾ? ಶುರುವಿನಲ್ಲಿ ಆತ್ಮರಕ್ಷಣೆಗೆ ಮಾತ್ರ ಅವಕಾಶ ಇತ್ತು. 1961ರ ಫೆಬ್ರವರಿಯಲ್ಲಿ ಭದ್ರತಾ ಮಂಡಳಿ, ಅಂತರ್ಯುದ್ಧ ತಡೆಯಲು ಬೇರೆ ದಾರಿ ಇಲ್ಲದಿದ್ದರೆ ಬಲ ಬಳಸಬಹುದು ಅಂದಿತು. ನವೆಂಬರ್‌ನಲ್ಲಿ, ಬಾಡಿಗೆ ಸೈನಿಕರನ್ನು ಹಿಡಿಯಲೂ ಬಲ ಬಳಸಲು ಒಪ್ಪಿಗೆ ಕೊಟ್ಟಿತು.

ಅದಾಗಿ ಎರಡೇ ವಾರ. ಡಿಸೆಂಬರ್ 5, ಎಲಿಜಬೆತ್‌ವಿಲ್ ನಗರ. ಈಗಿನ ಹೆಸರು ಲುಬುಂಬಾಶಿ. ಕಟಾಂಗಾದವರು ಆಯಕಟ್ಟಿನ ಸರ್ಕಲ್‌ನಲ್ಲಿ ರಸ್ತೆ ಬಂದ್ ಮಾಡಿದ್ದರು. ಅದನ್ನು ತೆರವು ಮಾಡೋ ಹೊಣೆ ಗೂರ್ಖಾ ಪಡೆಯದು. ಎದುರಿನಿಂದ ಒಂದು ತುಕಡಿ ನುಗ್ಗಬೇಕು. ವಿಮಾನ ನಿಲ್ದಾಣದ ಕಡೆಯಿಂದ ಬಂದು ಶತ್ರುವಿನ ದಾರಿ ಕಡಿಯೋದು ಸಲಾರಿಯಾ ಅವರ ಕೆಲಸ.

ಇನ್ನೂ 1,500 ಗಜ ದೂರ ಇರುವಾಗಲೇ ಪಕ್ಕದಲ್ಲಿ ಅಡಗಿದ್ದ ಸುಮಾರು 90 ಜನ ಗುಂಡಿನ ಮಳೆ ಸುರಿಸಿದರು. ಅವರ ಬಳಿ ಎರಡು ಕವಚ ವಾಹನ ಬೇರೆ. ಸಲಾರಿಯಾ ಜೊತೆ ಇದ್ದದ್ದು 16 ಮಂದಿ. ರಾಕೆಟ್ ಲಾಂಚರ್‌ನಿಂದ ಹೊಡೆಸಿ, ಬಯೋನೆಟ್, ಖುಕುರಿ, ಗ್ರೆನೇಡ್ ಹಿಡಿದು ನೇರವಾಗಿ ನುಗ್ಗಿದರು. ಶತ್ರುಗಳಲ್ಲಿ 40 ಮಂದಿ ಸತ್ತರು, ಎರಡೂ ವಾಹನ ನಾಶವಾದವು, ಉಳಿದವರು ಓಡಿದರು. ಸಲಾರಿಯಾ ಅವರ ಕುತ್ತಿಗೆಗೆ ಗುಂಡು ಬಿದ್ದಿತ್ತು. ರಕ್ತ ಸುರಿದು ಕುಸಿಯುವವರೆಗೂ ಕಾದಾಡಿದರು. ಆಗ ವಯಸ್ಸು 26.

ಆ ದಾಳಿಯಿಂದಾಗಿ ನಗರದಲ್ಲಿದ್ದ ವಿಶ್ವಸಂಸ್ಥೆಯ ಕೇಂದ್ರ ಕಚೇರಿಗೆ ಮುತ್ತಿಗೆ ಬೀಳೋದು ತಪ್ಪಿತು. 1963ರ ಜನವರಿಯಲ್ಲಿ ಕಟಾಂಗಾ ಮತ್ತೆ ಕಾಂಗೋ ಸೇರಿತು.

ಮರಣೋತ್ತರವಾಗಿ ಪರಮವೀರ ಚಕ್ರ ಬಂತು. ವಿಶ್ವಸಂಸ್ಥೆಯ ಪಡೆಯಲ್ಲಿದ್ದು ಈ ಗೌರವ ಪಡೆದವರು ಇವತ್ತಿಗೂ ಅವರೊಬ್ಬರೇ. ನನಗೆ ಕಾಡೋದು ಇನ್ನೊಂದು ವಿಷಯ. ಬೆಂಗಳೂರಿನ ಶಾಲೆಗೆ ಮೊದಲ ಸಲ ಬಂದಾಗ ಎದೆಯ ಸುತ್ತಳತೆ ಒಂದಿಂಚು ಕಮ್ಮಿ ಅಂತ ಆ ಹುಡುಗನನ್ನು ಸೇರಿಸಿಕೊಂಡಿರಲಿಲ್ಲವಂತೆ.