ಒಂದು ಚಹಾ, ಕೂರಲು ಒಂದು ಕುರ್ಚಿ: ಫೋರ್ಟಿನ ಇರಾನಿ ಹೋಟೆಲು

ಮುಂಬಯಿ ಫೋರ್ಟಿನ ಹುತಾತ್ಮ ಚೌಕದಿಂದ ಫಿರೋಜ್‌ಶಾ ಮೆಹ್ತಾ ರಸ್ತೆಯ ಕಡೆಗೆ ನಡೆದು ಕಾವಸ್‌ಜಿ ಪಟೇಲ್ ಬೀದಿಗೆ ಹೊರಳಿದರೆ ಮತ್ತೆ ಯಾರನ್ನೂ ದಾರಿ ಕೇಳಬೇಕಿಲ್ಲ. ಬೇಯುತ್ತಿರುವ ಪಾವಿನ ವಾಸನೆ ಹಿಡಿದು ಹೋದರೆ ಯಝ್ದಾನಿ ಬೇಕರಿ ಸಿಗುತ್ತದೆ. ಅದೇ ಬೀದಿಯಲ್ಲಿ ಮಹೇಶ್ ಲಂಚ್ ಹೋಮ್. ಅಲ್ಲಿ ಮಂಗಳೂರಿನ ಮೀನಿನ ಗಸಿ, ನೀರುದೋಸೆ. ಒಂದು, 1950ರ ದಶಕದ ಆರಂಭದಲ್ಲಿ ಇರಾನಿ ಕುಟುಂಬ ತೆರೆದ ಅಂಗಡಿ. ಇನ್ನೊಂದು, 1970ರ ದಶಕದಲ್ಲಿ ನಮ್ಮ ಕರಾವಳಿಯವರು ತೆರೆದದ್ದು. ಮುಂಬಯಿ ಹೋಟೆಲು ಚರಿತ್ರೆಯ ಎರಡು ಅಧ್ಯಾಯಗಳು ಒಂದೇ ಬೀದಿಯಲ್ಲಿವೆ. ಇಲ್ಲಿ ಮೊದಲನೆಯದರ ಮಾತು, ಏಕೆಂದರೆ ಅದು ಮುಗಿಯುತ್ತ ಬಂದಿದೆ.

ಇರಾನಿಗಳೂ ಪಾರ್ಸಿಗಳೂ ಒಂದೇ ಅಲ್ಲವೇ ಎಂದು ಕೇಳುವವರುಂಟು. ಇಬ್ಬರದೂ ಜರತುಷ್ಟ್ರ ಧರ್ಮವೇ, ಬಂದ ಕಾಲ ಬೇರೆ. ಪಾರ್ಸಿಗಳು ಗುಜರಾತಿನ ದಡ ಸೇರಿ ಸಾವಿರ ವರ್ಷಗಳೇ ಕಳೆದಿವೆ. ಇರಾನಿಗಳು 19ನೇ ಶತಮಾನದ ಕೊನೆಗೆ ಮತ್ತು 20ನೇ ಶತಮಾನದ ಮೊದಲ ದಶಕಗಳಲ್ಲಿ, ಬರಗಾಲಕ್ಕೂ ಕಿರುಕುಳಕ್ಕೂ ಬೇಸತ್ತು ಯಝ್ದ್, ಕೆರ್ಮಾನ್ ಕಡೆಯಿಂದ ಬಂದವರು. ಅವರಲ್ಲಿ ಎಷ್ಟೋ ಮಂದಿ ಪಾರ್ಸಿಗಳ ಮನೆಗೆಲಸಕ್ಕೆ ಸೇರಿದರು. ಸಂಜೆ ಒಂದೆಡೆ ಕೂಡಿ ಊರ ಸುದ್ದಿ ಮಾತಾಡುವಾಗ ಅವರಲ್ಲೊಬ್ಬ ಎಲ್ಲರಿಗೂ ಚಹಾ ಕಾಯಿಸಿ ಕೊಟ್ಟು ಕಾಸು ಕೇಳಿದ, ಹೋಟೆಲು ಶುರುವಾದದ್ದು ಹಾಗೆ ಎಂಬ ಕಥೆ ಅವರಲ್ಲಿ ಈಗಲೂ ಇದೆ. ರಸ್ತೆ ಕೂಡುವ ಮೂಲೆಯ ಮಳಿಗೆ ಆಗಿಬರುವುದಿಲ್ಲವೆಂದು ಹಿಂದೂ ವ್ಯಾಪಾರಿಗಳು ಬಿಟ್ಟದ್ದು ಇವರ ಪಾಲಿಗೆ ಬಂತಂತೆ. ಮೂಲೆ ಮಳಿಗೆಗೆ ಎರಡು ಬೀದಿಯ ಬಾಗಿಲು, ಎರಡು ಬೀದಿಯ ಗಾಳಿ, ಎರಡು ಬೀದಿಯ ಗಿರಾಕಿ. ಹೋಟೆಲಿಗೆ ಇನ್ನೇನು ಬೇಕು?

ಒಳಗಿನ ಸಜ್ಜು ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಅಮೃತಶಿಲೆಯ ಹಾಸಿನ ಮೇಜು, ಮರ ಬಾಗಿಸಿ ಮಾಡಿದ ಕಪ್ಪು ಕುರ್ಚಿ, ಗೋಡೆಯಲ್ಲಿ ದೊಡ್ಡ ಕನ್ನಡಿ, ಬಾಗಿಲ ಬಳಿ ಗಲ್ಲೆಯ ಮೇಲೆ ಮಾಲೀಕ. ಗಾಜಿನ ಬರಣಿಗಳಲ್ಲಿ ಖಾರಿ, ನಾನ್‌ಖಟಾಯಿ. ಹಿಂದೆಲ್ಲ ಮೊಟ್ಟೆ, ಸಾಬೂನು, ಬೆಂಕಿಪೊಟ್ಟಣವನ್ನೂ ಮಾರುತ್ತಿದ್ದರು. ಬೀದಿಯವರಿಗೆ ಅದೇ ಕಿರಾಣಿ ಅಂಗಡಿ.

ಕೇಳಬೇಕಾದದ್ದು ಬ್ರುನ್ ಮಸ್ಕಾ ಮತ್ತು ಚಹಾ. ಬ್ರುನ್ ಅಂದರೆ ಹೊರಗೆ ಗರಿಗರಿ, ಒಳಗೆ ಹತ್ತಿಯಂಥ ಪಾವು. ಅದನ್ನು ಸೀಳಿ ಎರಡೂ ಬದಿಗೆ ಕೈಬಿಚ್ಚಿ ಬೆಣ್ಣೆ ಸವರುತ್ತಾರೆ; ಬೇಕೆಂದವರಿಗೆ ಮೇಲಿಷ್ಟು ಸಕ್ಕರೆ. ಒಣದಾಗಿ ಕಚ್ಚಿದರೆ ದವಡೆಗೆ ಕೆಲಸ. ಚಹಾದಲ್ಲಿ ಅದ್ದಿದಾಗ ಅಂಚು ಮೆತ್ತಗಾಗುತ್ತದೆ, ಬೆಣ್ಣೆ ಕರಗಿ ಚಹಾದ ಮೇಲೆ ಹೊಂಬಣ್ಣದ ಹನಿಗಳಾಗಿ ತೇಲುತ್ತದೆ, ಕೊನೆಯ ಗುಟುಕಿಗೆ ಉಪ್ಪುಬೆಣ್ಣೆಯ ರುಚಿ ಬಂದಿರುತ್ತದೆ. ಮೆತ್ತನೆಯದೇ ಇಷ್ಟವಾದರೆ ಬನ್ ಮಸ್ಕಾ ಇದೆ. ಚಹಾ ಗಟ್ಟಿ ಬೇಕಿದ್ದರೆ ‘ಪಾನಿ ಕಮ್’ ಎಂದರೆ ಸಾಕು. ಏಲಕ್ಕಿ, ಶುಂಠಿಯ ಮಸಾಲೆ ಚಹಾ ಇಡೀ ಮುಂಬಯಿಯಲ್ಲಿ ಸಿಗುತ್ತದೆ. ಇಲ್ಲಿನದು ಹಾಲು, ಡಿಕಾಕ್ಷನ್, ಸಕ್ಕರೆಯ ಸಾದಾ ಚಹಾ. ಬ್ರುನ್ನಿಗೆ ಹೊಂದುವುದು ಅದೇ ಎಂಬುದು ನನ್ನ ದೃಢ ಅಭಿಪ್ರಾಯ.

ಆದರೆ ಇರಾನಿ ಹೋಟೆಲು ಚಹಾಕ್ಕಿಂತ ಹೆಚ್ಚಾಗಿ ಕೊಟ್ಟದ್ದು ಕೂರುವ ಜಾಗ. ಒಂದೇ ಖೋಲಿಯಲ್ಲಿ ಇಡೀ ಸಂಸಾರ, ಇಲ್ಲವೇ ಹತ್ತು ಮಂದಿ ಗಂಡಸರು ಮಲಗುವ ಊರಿದು. ಒಂದು ಚಹಾ ಹೇಳಿದವನು ಇಲ್ಲಿ ಪತ್ರಿಕೆ ಓದಬಹುದು, ಗೆಳೆಯನನ್ನು ಕಾಯಬಹುದು, ಸಂಬಂಧ ಕುದುರಿಸಬಹುದು. ಮಾಲೀಕರ ಉದಾರತೆಯ ಜತೆಗೆ ಇದಕ್ಕೊಂದು ಕಾನೂನಿನ ಕಾರಣವೂ ಇತ್ತು. 1947ರ ಬಾಡಿಗೆ ನಿಯಂತ್ರಣ ಕಾಯಿದೆ ಹಳೆಯ ಮಳಿಗೆಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಬಾಡಿಗೆ ಹಗುರವಿದ್ದದ್ದರಿಂದಲೇ ಒಬ್ಬ ಗಿರಾಕಿ ಗಂಟೆಗಟ್ಟಲೆ ಕೂತರೂ ಮಾಲೀಕನಿಗೆ ಗಿಟ್ಟುತ್ತಿತ್ತು. ಹಾಗೆ ಕೂತವರು ಬರೆದದ್ದೂ ಉಂಟು. ಧೋಬಿ ತಲಾವಿನ ಬಾಸ್ತಾನಿ ಹೋಟೆಲಿನ ಸೂಚನಾ ಫಲಕ ನಿಸ್ಸಿಮ್ ಎಝಕಿಲರ ಕವಿತೆಯಾಯಿತು. ಕಾಲಾಘೋಡಾದ ವೇಸೈಡ್ ಇನ್ ಇರಾನಿಯಲ್ಲದಿದ್ದರೂ ಅದೇ ಬಗೆಯ ಜಾಗ. ಅದರ ಕಿಟಕಿಯ ಪಕ್ಕ ಕೂತು ಕಂಡ ಬೀದಿಯನ್ನೇ ಅರುಣ್ ಕೊಲ್ಹಟ್ಕರ್ ‘ಕಾಲಾಘೋಡಾ ಪೊಯಮ್ಸ್’ನಲ್ಲಿ ತಂದರು. ಎರಡೂ ಈಗ ಮುಚ್ಚಿವೆ.

ಮುಂಬಯಿ ಕನ್ನಡಿಗರಿಗೆ ಈ ಚರಿತ್ರೆ ದೂರದ್ದಲ್ಲ. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಫೋರ್ಟಿನ ಕನ್ನಡ ಶಾಲೆಗಳಲ್ಲಿ ಓದಿದ ಕರಾವಳಿಯ ಹುಡುಗರ ತಲೆಮಾರುಗಳೇ ಇವೆ. ಆ ರಾತ್ರಿ ಶಾಲೆಗಳಿಂದ ವಕೀಲರು, ಬ್ಯಾಂಕಿನವರು, ಹೋಟೆಲು ಮಾಲೀಕರು ಹೊರಬಂದರು. ಇರಾನಿ ಮಾಲೀಕರಿಗೆ ವಯಸ್ಸಾಗಿ, ಮಕ್ಕಳು ಬೇರೆ ಉದ್ಯೋಗ ಹಿಡಿದು, ಪಾಲುದಾರರು ಬೇರೆಯಾಗಿ ಅಂಗಡಿ ಬಿಟ್ಟುಕೊಡುವಾಗ ಎಷ್ಟೋ ಕಡೆ ಕೊಂಡವರು ನಮ್ಮ ಶೆಟ್ಟರೇ. ಬನ್ ಮಸ್ಕಾ ಹೋಗಿ ಇಡ್ಲಿ ಸಾಂಬಾರು ಬಂತು, ಕೆಲವೆಡೆ ಮದ್ಯದ ಪರ್ಮಿಟ್ ರೂಮು ಬಂತು. ಇದರಲ್ಲಿ ತಪ್ಪು ಹುಡುಕುವುದಕ್ಕಿಲ್ಲ, ದುಡಿದವರು ಕೊಂಡರು. ಆದರೆ ‘ಊಟ ಆಯ್ತಾ, ಏಳಿ’ ಎನ್ನುವ ಅವಸರವೂ ಜತೆಗೇ ಬಂತು ಎಂಬುದನ್ನು ನಮ್ಮವರೆಂಬ ಪ್ರೀತಿಯಿಂದಲೇ ಹೇಳಬೇಕು.

1950ರ ದಶಕದಲ್ಲಿ ನಗರದಲ್ಲಿ 350ರಷ್ಟು ಇರಾನಿ ಹೋಟೆಲುಗಳಿದ್ದವೆಂಬ ಅಂದಾಜಿದೆ. ಉಳಿದದ್ದು ಎರಡು ಡಜನಿನ ಆಸುಪಾಸು. ಫೋರ್ಟಿನ ಸುತ್ತ ಯಝ್ದಾನಿಯಲ್ಲದೆ 1933ರ ಮಿಲಿಟರಿ ಕೆಫೆ, ಬಲ್ಲಾರ್ಡ್ ಎಸ್ಟೇಟಿನಲ್ಲಿ ಬೆರ್ರಿ ಪುಲಾವಿಗೆ ಹೆಸರಾದ 1923ರ ಬ್ರಿಟಾನಿಯಾ, ತುಸು ಆಚೆ ಧೋಬಿ ತಲಾವಿನಲ್ಲಿ 1904ರ ಕಯಾನಿ. ಪಾವಿನ ಭಟ್ಟಿಗಳಿಗೆ ಈಗ ಹೊಸ ಕಷ್ಟ. ಸೌದೆ, ಇದ್ದಿಲು ಉರಿಸುವ ಬೇಕರಿಗಳು ಆರು ತಿಂಗಳಲ್ಲಿ ಅನಿಲಕ್ಕೋ ಬೇರೆ ಹಸಿರು ಇಂಧನಕ್ಕೋ ಬದಲಾಗಬೇಕೆಂದು 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟು ಆದೇಶಿಸಿತು. ಮುಂಬಯಿಯ ಗಾಳಿ ನೋಡಿದರೆ ಆದೇಶ ನ್ಯಾಯವೇ. ಸಣ್ಣ ಬೇಕರಿಗಳಿಗೆ ಆ ಖರ್ಚು ಹೊರಲು ಸರಕಾರ ಹೆಗಲು ಕೊಡಬೇಕಾದದ್ದೂ ಅಷ್ಟೇ ನ್ಯಾಯ.

ಭಾನುವಾರ ಫೋರ್ಟ್ ಬಿಕೋ ಎನ್ನುತ್ತದೆ. ಕೆಲಸದ ದಿನವೊಂದರ ಬೆಳಿಗ್ಗೆ, ಕಚೇರಿಗಳ ನೂಕುನುಗ್ಗಲಿಗೆ ಮೊದಲು ಹೋಗಿ. ಮಕ್ಕಳಿದ್ದರೆ ಕರೆದುಕೊಂಡು ಹೋಗಿ. ಪಾರ್ಸೆಲ್ ಕಟ್ಟಿಸಬೇಡಿ, ಕೂತೇ ಕುಡಿಯಿರಿ.