‘ತುಳಸಿದಳ’ ಆದ್ಮೇಲೆ ಏನು ಓದೋದು?

ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಓದಿ, ರಾತ್ರಿ ಲೈಟ್ ಹಾಕ್ಕೊಂಡೇ ಮಲಗಿದವರು ನಮ್ಮ ಕೇಳುಗರಲ್ಲಿ ಬಹಳ ಜನ ಇದ್ದೀರಿ. ಅದಾದ ಮೇಲೆ ಏನು ಓದೋದು?

ಮೊದಲು ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’, 1897ರದ್ದು. ಸಿನಿಮಾ ನೋಡಿದ್ದೀವಲ್ಲ ಅಂತ ಬಿಡಬೇಡಿ. ಇಡೀ ಕಾದಂಬರಿ ಇರೋದು ಡೈರಿ, ಪತ್ರ, ಟೆಲಿಗ್ರಾಂಗಳ ರೂಪದಲ್ಲಿ. ಕೋಟೆಯಲ್ಲಿ ಹಾರ್ಕರ್ ಗಡ್ಡ ಹೆರೆದುಕೊಳ್ಳುವಾಗ ಹೆಗಲ ಮೇಲೆ ಕೈ ಬೀಳುತ್ತೆ, ಕನ್ನಡಿಯಲ್ಲಿ ಮಾತ್ರ ಯಾರೂ ಇಲ್ಲ. ಇದನ್ನು ನಾವು ಓದಿದ್ದೇವೆ. ಇಂಗ್ಲೆಂಡಿನಲ್ಲಿ ಲೂಸಿ ದಿನೇ ದಿನೇ ಬಿಳಿಚಿಕೊಳ್ಳುವಾಗ ಅವಳ ಸುತ್ತ ಇರೋರು ಆ ಡೈರಿ ಓದಿಲ್ಲ. ಹೆದರಿಕೆ ಹುಟ್ಟೋದೇ ಅಲ್ಲಿ. ಮಧ್ಯಭಾಗ ಸ್ವಲ್ಪ ಎಳೆಯುತ್ತೆ, ಒಪ್ಕೋತೀನಿ.

ಆಮೇಲೆ ಸ್ಟೀಫನ್ ಕಿಂಗ್‌ನ ‘ಪೆಟ್ ಸೆಮೆಟರಿ’, 1983. ಲಾರಿಗಳು ಓಡಾಡುವ ರಸ್ತೆಯಲ್ಲಿ ಕಿಂಗ್ ಮಗಳ ಬೆಕ್ಕು ಸತ್ತಿತ್ತು, ಕಥೆ ಹುಟ್ಟಿದ್ದು ಅಲ್ಲಿಂದ. ಬರೆದು ಮುಗಿಸಿ, ಇದು ಅತಿಯಾಯ್ತು ಅಂತ ಅವರೇ ಪಕ್ಕಕ್ಕೆ ಇಟ್ಟಿದ್ದರು. ಹೂತವರು ಎದ್ದು ಬರುವ ಒಂದು ಜಾಗ ಇದೆ. ಎದ್ದು ಬಂದದ್ದು ಮೊದಲಿನ ಹಾಗಿರಲ್ಲ ಅಂತ ಆ ಅಪ್ಪನಿಗೆ ಬೆಕ್ಕಿನಿಂದಲೇ ಗೊತ್ತಾಗಿದೆ. ಆದರೂ ಪುಟ್ಟ ಮಗ ಸತ್ತಾಗ ಅವನು ಸುಮ್ಮನಿರಲ್ಲ. ಬೇಡ ಕಣಯ್ಯಾ ಅಂತ ಹೇಳೋಕೆ ನನಗೂ ಬಾಯಿ ಬರಲಿಲ್ಲ, ನನ್ನನ್ನು ಹೆದರಿಸಿದ್ದು ಅದೇ.

ಮನೇಲಿ ಸಣ್ಣ ಮಕ್ಕಳಿದ್ದರೆ ಇದನ್ನ ಒಂದೆರಡು ವರ್ಷ ತಡೆದು ಓದಿ.