ಒಡೆದ ಚಿಪ್ಪನ್ನು ಹಕ್ಕಿ ಏಕೆ ದೂರ ಒಯ್ಯುತ್ತದೆ?

ಮಕ್ಕಳೇ, ಬೇಸಿಗೆಯಲ್ಲಿ ಜಂಗಮಕೋಟೆಯ ಸುತ್ತಮುತ್ತ ಕೆರೆಯಂಗಳದಲ್ಲೋ ಬೀಳು ಹೊಲದಲ್ಲೋ ನಡೆಯುವಾಗ ಹಳದಿ ಕಾಲಿನ ಹಕ್ಕಿಯೊಂದು ನಿಮ್ಮ ತಲೆಯ ಮೇಲೆ ಸುತ್ತುತ್ತಾ ಕಿರುಚಿದ್ದನ್ನು ಕೇಳಿದ್ದೀರಾ? ಅದೇ ಟಿಟ್ಟಿಭ. ಹತ್ತಿರದಲ್ಲೇ ಅದರ ಮೊಟ್ಟೆಯೋ ಮರಿಯೋ ಇರಬಹುದು. ಟಿಟ್ಟಿಭ ಮರದಲ್ಲಿ ಗೂಡು ಕಟ್ಟುವುದಿಲ್ಲ. ಬರಿನೆಲದ ತಗ್ಗಿನಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಮೊಟ್ಟೆಗಳ ಮೇಲೆ ಕಪ್ಪು ಮಚ್ಚೆಗಳಿದ್ದು, ಬಣ್ಣ ಮಣ್ಣು ಕಲ್ಲುಗಳ ನಡುವೆ ಬೆರೆತುಹೋಗುತ್ತದೆ. ಈ ಬಣ್ಣವೇ ಅವಕ್ಕೆ ಕೋಟೆ.

ಆದರೆ ಮರಿ ಹೊರಬಂದಾಗ ಒಂದು ತೊಂದರೆ ಇದೆ. ಮೊಟ್ಟೆಯ ಹೊರಮೈ ಮಣ್ಣಿನ ಬಣ್ಣದ್ದಾದರೂ ಒಡೆದ ಚಿಪ್ಪಿನ ಒಳಮೈ ಬೆಳ್ಳಗಿರುತ್ತದೆ. ನೆಲದಲ್ಲಿ ಗೂಡು ಮಾಡುವ ಅನೇಕ ಹಕ್ಕಿಗಳು ಒಡೆದ ಚಿಪ್ಪನ್ನು ಕೊಕ್ಕಿನಲ್ಲಿ ಕಚ್ಚಿ ದೂರ ಎಸೆದು ಬರುತ್ತವೆ. ಏಕೆ? ಇಷ್ಟು ಸಣ್ಣ ಪ್ರಶ್ನೆಯ ಹಿಂದೆ ಬಿದ್ದ ವಿಜ್ಞಾನಿ ನಿಕೊ ಟಿನ್‌ಬರ್ಗನ್.

ಇವರು ಹುಟ್ಟಿದ್ದು 1907ರಲ್ಲಿ, ಹಾಲೆಂಡ್ ದೇಶದ ಹೇಗ್ ನಗರದಲ್ಲಿ. ಕಡಲ ತೀರದ ಹಕ್ಕಿಗಳನ್ನು ನೋಡುವುದು ಬಾಲ್ಯದಿಂದಲೇ ಬಂದ ಹವ್ಯಾಸ. 1932ರಲ್ಲಿ ಪತ್ನಿಯೊಡನೆ ಹಿಮದ ನಾಡಾದ ಗ್ರೀನ್‌ಲ್ಯಾಂಡಿಗೆ ಹೋಗಿ, ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದರು. ಅಲ್ಲಿ ಫಲರೋಪ್ ಎಂಬ ಹಕ್ಕಿಯನ್ನು ಗಮನಿಸಿದರು. ಈ ಜಾತಿಯಲ್ಲಿ ಹೆಣ್ಣಿಗೇ ಬಣ್ಣ ಹೆಚ್ಚು. ಕಾವು ಕೊಡುವುದು ಗಂಡು! ನಮ್ಮ ಕೆರೆಗಳಲ್ಲಿ ತಾವರೆ ಎಲೆಗಳ ಮೇಲೆ ನಡೆದಾಡುವ ದೇವನಕ್ಕಿಯಲ್ಲೂ ಕಾವು ಕೊಡುವುದು ಗಂಡೇ.

ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಹಾಲೆಂಡನ್ನು ಆಕ್ರಮಿಸಿ, ಯಹೂದಿ ಪ್ರಾಧ್ಯಾಪಕರನ್ನು ಕೆಲಸದಿಂದ ತೆಗೆದರು. ಅದನ್ನು ವಿರೋಧಿಸಿದ ಟಿನ್‌ಬರ್ಗನ್ 1942ರಿಂದ 1944ರವರೆಗೆ ಸೆರೆಯಲ್ಲಿದ್ದರು. 1949ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿದ್ದಾಗ, ಸಮುದ್ರ ತೀರದ ಮರಳಿನಲ್ಲಿ ಗುಂಪುಗುಂಪಾಗಿ ಗೂಡು ಮಾಡುವ ಕರಿತಲೆಯ ಕಡಲಹಕ್ಕಿಗಳ ಮೇಲೆ ಪ್ರಯೋಗ ಆರಂಭಿಸಿದರು. ಚಳಿಗಾಲದಲ್ಲಿ ಈ ಹಕ್ಕಿಗಳು ನಮ್ಮ ಕರಾವಳಿಗೂ ವಲಸೆ ಬರುತ್ತವೆ.

ಪ್ರಯೋಗ ಸರಳವಾಗಿತ್ತು. ಮೊಟ್ಟೆಗಳನ್ನು ನೆಲದಲ್ಲಿ ಹರಡಿ, ಕೆಲವುಗಳಿಂದ 15 ಸೆಂಟಿಮೀಟರ್, ಕೆಲವುಗಳಿಂದ 1 ಮೀಟರ್, ಇನ್ನು ಕೆಲವುಗಳಿಂದ 2 ಮೀಟರ್ ದೂರದಲ್ಲಿ ಒಡೆದ ಚಿಪ್ಪನ್ನು ಇಟ್ಟರು. ಕಾಗೆ ಮೊದಲಾದ ಹಕ್ಕಿಗಳು ತಿಂದದ್ದೆಷ್ಟು ಗೊತ್ತೇ? ಚಿಪ್ಪು ತೀರಾ ಹತ್ತಿರವಿದ್ದಾಗ ನೂರಕ್ಕೆ 42. ಒಂದು ಮೀಟರಿನಲ್ಲಿ 32. ಎರಡು ಮೀಟರಿನಲ್ಲಿ 21. ಬಿಳಿ ಚಿಪ್ಪು ಮೊಟ್ಟೆಯ ಗುಟ್ಟು ರಟ್ಟು ಮಾಡುತ್ತದೆ! ಈ ಫಲಿತಾಂಶ 1962ರಲ್ಲಿ ಪ್ರಕಟವಾಯಿತು.

ಹಾಗಾದರೆ ತಾಯಿತಂದೆ ಹಕ್ಕಿಗಳು ಚಿಪ್ಪನ್ನು ತಕ್ಷಣವೇ ಒಯ್ಯಬೇಕಲ್ಲವೇ? ಇಲ್ಲ, ಸ್ವಲ್ಪ ಹೊತ್ತು ಕಾಯುತ್ತವೆ. ಏಕೆಂದರೆ ಗೂಡು ಬಿಟ್ಟು ಹಾರಿದ ಕೂಡಲೇ ಪಕ್ಕದ ಗೂಡಿನ ಕಡಲಹಕ್ಕಿಯೇ ಒದ್ದೆ ಮರಿಯನ್ನು ನುಂಗಿಬಿಡಬಹುದು. ಮರಿಯ ಮೈ ಒಣಗಿ ಪುಕ್ಕ ಅರಳಿದ ಮೇಲೆ ನುಂಗುವುದು ಕಷ್ಟ. ಟಿನ್‌ಬರ್ಗನ್‌ರ ಶಿಷ್ಯೆ ಎಸ್ತರ್ ಕಲೆನ್ ಕಡಿದಾದ ಬಂಡೆಗಳ ಮೇಲೆ ಗೂಡು ಮಾಡುವ ಇನ್ನೊಂದು ಕಡಲಹಕ್ಕಿಯನ್ನು ಅಧ್ಯಯನ ಮಾಡಿದ್ದರು. ಅಲ್ಲಿಗೆ ಶತ್ರುಗಳು ಬರುವುದು ಕಡಿಮೆ. ಆ ಹಕ್ಕಿ ಚಿಪ್ಪನ್ನು ಒಯ್ಯುವುದೇ ಇಲ್ಲ!

ಪ್ರಾಣಿಗಳ ವರ್ತನೆಯ ಅಧ್ಯಯನಕ್ಕಾಗಿ 1973ರಲ್ಲಿ ಟಿನ್‌ಬರ್ಗನ್‌ರಿಗೆ ಇನ್ನಿಬ್ಬರೊಡನೆ ನೊಬೆಲ್ ಪ್ರಶಸ್ತಿ ದೊರೆಯಿತು.

ನೀವೂ ಮಾಡಿ ನೋಡಿ: ಶಾಲೆಯ ಮೈದಾನದ ಮಣ್ಣಿನಿಂದಲೇ 20 ಉಂಡೆ ಮಾಡಿ ಒಣಗಿಸಿ. ಒಬ್ಬರು ಅವುಗಳನ್ನು ಯಾರಿಗೂ ಕಾಣದಂತೆ ಮೈದಾನದಲ್ಲಿ ದೂರದೂರ ಇಡಲಿ. ಹತ್ತು ಉಂಡೆಗಳ ಪಕ್ಕದಲ್ಲಿ ಬಿಳಿ ಕಾಗದದ ಚೂರು ಇರಲಿ. ಉಳಿದವರು ಕಾಗೆಗಳಾಗಿ! ಒಂದು ನಿಮಿಷದಲ್ಲಿ ಯಾವ ಉಂಡೆಗಳು ಹೆಚ್ಚು ಸಿಕ್ಕವು? ಬರೆದಿಡಿ.

ಆದರೆ ನಿಜವಾದ ಗೂಡಿನ ಬಳಿ ಇಂತಹ ಆಟ ಬೇಡ. ಬಿಸಿಲಿನ ದಿನ ಟಿಟ್ಟಿಭ ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತದೆ. ನೀವು ಅಲ್ಲೇ ನಿಂತಿದ್ದರೆ ಅದು ಗೂಡಿಗೆ ಬರಲಾರದು. ಮೊಟ್ಟೆಗಳು ಬಿಸಿಲಿಗೆ ಬೇಯುತ್ತವೆ. ಗುರುತಿಗೆಂದು ಪಕ್ಕದಲ್ಲಿ ಕೋಲು, ಕಾಗದ ಇಡಬೇಡಿ. ಬಿಳಿ ಚಿಪ್ಪು ಏನು ಮಾಡಿತೆಂದು ಈಗ ನಿಮಗೆ ಗೊತ್ತಲ್ಲ! ಉಳುವ ಹೊಲದಲ್ಲಿ ಗೂಡು ಕಂಡರೆ ಮನೆಯ ಹಿರಿಯರಿಗೆ ಹೇಳಿ, ಚಾಪೆಯಷ್ಟು ನೆಲ ಬಿಟ್ಟು ಉಳಲಿ.

ನಮ್ಮ ಟಿಟ್ಟಿಭ ಒಡೆದ ಚಿಪ್ಪನ್ನು ಏನು ಮಾಡುತ್ತದೆ? ದೂರದ ಮರದ ನೆರಳಲ್ಲಿ ಕುಳಿತು ನೋಡಿ. ದಿನ, ಹೊತ್ತು, ಕಂಡದ್ದು, ಮೂರನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ.